ರಾಶಿ ಆದ ಮ್ಯಾಲ

ಅವ್ವನ ಟ್ರಂಕಿನಲ್ಲಿ ಒಂದು ಹಳೇ ರಿಜಿಸ್ಟರ್ ಇದೆ. ಸ್ತ್ರೀಶಕ್ತಿ ಸಂಘದ್ದು. 2000-01ರಲ್ಲಿ ಯೋಜನೆ ಬಂದ ಹೊಸದರಲ್ಲೇ ಆಳಂದ ತಾಲೂಕಿನ ನಮ್ಮೂರಲ್ಲಿ ಅಂಗನವಾಡಿ ಅಕ್ಕ ಶುರು ಮಾಡಿಸಿದ್ದು. ವಾರಕ್ಕೆ 10 ರೂಪಾಯಿ ಉಳಿತಾಯ. ಸಾಲಕ್ಕೆ ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿ. ಲೆಕ್ಕ ಬರೆಯುತ್ತಿದ್ದವಳು ನಮ್ಮವ್ವ.

ಆ ರಿಜಿಸ್ಟರಿನ ಕೊನೇ ಕಾಲಂ ನನಗೆ ತುಂಬಾ ಇಷ್ಟ. ಸಾಲ ಯಾವಾಗ ವಾಪಸ್ ಅನ್ನೋ ಜಾಗದಲ್ಲಿ ತಾರೀಖು ಇಲ್ಲ. 'ರಾಶಿ ಆದ ಮ್ಯಾಲ' ಅಂತ ಇದೆ, ಅಂದರೆ ಬೆಳೆ ಕೊಯ್ದು ಕಾಳು ಮಾಡಿದ ಮೇಲೆ. ಪುಟದ ತುಂಬಾ ಅದೇ. ಜೂನ್-ಜುಲೈನಲ್ಲಿ ಬಿತ್ತಿದ ತೊಗರಿ ಮನೆಗೆ ಬರೋದು ಡಿಸೆಂಬರ್-ಜನವರಿಗೆ. ನಡುವೆ ಕೈಗೆ ಬರೋದು ಕೂಲಿ ದುಡ್ಡಷ್ಟೇ. ಇದು ಆ ಹೆಂಗಸರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಅಡತ ಅಂಗಡಿ, ಅಂದರೆ ಕಾಳು ಕೊಳ್ಳೋ ದಲ್ಲಾಳಿ ಅಂಗಡಿಯ ಸಾಲವೂ ರಾಶಿ ತನಕ ಕಾಯುತ್ತದೆ. ಆದರೆ ಬಡ್ಡಿ ಜಾಸ್ತಿ. ತೊಗರಿಯನ್ನು ಅಲ್ಲಿಗೇ ಒಯ್ಯಬೇಕು, ಅವರು ಹೇಳಿದ್ದೇ ರೇಟು. ಅದನ್ನು ನಾನು ಹೊಗಳುತ್ತಿಲ್ಲ.

ಆಮೇಲೆ ಗುಂಪು ಸಾಲದ ಕಂಪನಿ ಬಂತು. ಆಧಾರ್ ಕಾರ್ಡ್ ಇದ್ದರೆ ಸಾಕು, ಹೊಲ ಬೇಡ, ಬಂಗಾರ ಬೇಡ. ಹತ್ತು ಹೆಂಗಸರು ಒಬ್ಬರಿಗೊಬ್ಬರು ಜಾಮೀನು. ಹದಿನೈದು ದಿನಕ್ಕೊಮ್ಮೆ, ಬುಧವಾರ ಬೆಳಿಗ್ಗೆ ಒಂಬತ್ತಕ್ಕೆ, ಹನುಮಪ್ಪನ ಗುಡಿ ಕಟ್ಟೆ ಮೇಲೆ ಕಂತು. ಪಕ್ಕದ ಮನೆ ಕಾಕಿ 40,000 ತಗೊಂಡಳು, ಬೋರ್‌ವೆಲ್ ಮೋಟರ್ ಸುಟ್ಟಿತ್ತು. ಕಂತು 970 ರೂಪಾಯಿ.

2022ರಲ್ಲಿ ತೊಗರಿಗೆ ನೆಟೆ ರೋಗ ಬಿತ್ತು. ಕಾಯಿ ಕಟ್ಟೋ ಹೊತ್ತಿಗೆ ಗಿಡ ನಿಂತಲ್ಲೇ ಒಣಗಿದವು. ಕಾಕಿಯ ಮೂರು ಎಕರೆಯಲ್ಲಿ ರಾಶಿ ಮಾಡುವಂಥದ್ದೇನೂ ಉಳಿಯಲಿಲ್ಲ. ಆಕೆ ಮೂರು ಕಂತು ತಪ್ಪಿಸಿದಳು. ಉಳಿದ ಒಂಬತ್ತು ಜನ ತಲಾ 320ರಷ್ಟು ಹಾಕಿ ತುಂಬಿದರು. ಅವರಿಗೆ ಅದು ಒಂದು ದಿನದ ಕೂಲಿ. ಮೂರನೇ ಬುಧವಾರ ಎಲ್ಲರೂ ಹೋಗಿ ಕಾಕಿಯ ಬಾಗಿಲಲ್ಲಿ ಸಂಜೆ ತನಕ ಕೂತರು. ನಮ್ಮವ್ವನೂ ಕೂತಿದ್ದಳು. ಒಳಗೆ ಕಾಕಿ ಒಲೆ ಹಚ್ಚಲಿಲ್ಲ.

2025ರ ಫೆಬ್ರವರಿಯಲ್ಲಿ ನಮ್ಮ ಸರ್ಕಾರ ಸುಗ್ರೀವಾಜ್ಞೆ ತಂದಿತು. ಸಾಲಗಾರರಿಗೆ ಕಿರುಕುಳ ಕೊಟ್ಟರೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಬೇಕಾಗಿತ್ತು, ಬಂದದ್ದು ಒಳ್ಳೇದೇ. ಆದರೆ ಕಾಕಿಯ ಬಾಗಿಲಲ್ಲಿ ಕೂತವರು ಏಜೆಂಟರಲ್ಲ. ಆಕೆಯ ಬಾಣಂತನ ಮಾಡಿದವರು, ಆಕೆಯ ಜೊತೆ ಕಳೆ ತೆಗೆದವರು. ಅವರ ಮೇಲೆ ಯಾರು ಕೇಸ್ ಹಾಕೋದು?

ರಿಸರ್ವ್ ಬ್ಯಾಂಕಿನ 2022ರ ನಿಯಮದ ಪ್ರಕಾರ ಒಂದು ಮನೆಯ ಎಲ್ಲಾ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು. ನಮ್ಮೂರಲ್ಲಿ ತಿಂಗಳ ಆದಾಯ ಅಂದರೆ ಯಾವುದು? ವರ್ಷಕ್ಕೊಮ್ಮೆ ಬರೋ ತೊಗರಿ ದುಡ್ಡನ್ನು ಹನ್ನೆರಡರಿಂದ ಭಾಗಿಸಿದ್ದು. ಕಾಗದದ ಮೇಲೆ ಅದು ಸರಿ. ಆಗಸ್ಟ್‌ನಲ್ಲಿ ಕಾಕಿಯ ಡಬ್ಬಿಯಲ್ಲಿ ಅದು ಇರೋದಿಲ್ಲ.

2023ರ ಆಗಸ್ಟ್ ಕೊನೆಯಲ್ಲಿ ಗೃಹಲಕ್ಷ್ಮಿಯ 2,000 ಶುರುವಾಯಿತು. ಕಾಕಿ ಅದರಲ್ಲೇ ಕಂತು ಕಟ್ಟಿದಳು. ಒಂಬತ್ತೂ ಮನೆಗೆ ಹೋಗಿ ಅವರವರ ದುಡ್ಡನ್ನೂ ಕೊಟ್ಟಳು. ನಮ್ಮ ಮನೆಯಲ್ಲಿ ಅವ್ವ ಬೇಡ ಅಂದಳು. ಕಾಕಿ ಹೊಸ್ತಿಲ ಮೇಲಿಟ್ಟು ಹೋದಳು, ನೀರು ಸಹ ಕುಡಿಯಲಿಲ್ಲ. ಮುಂದಿನ ಎಳ್ಳಮಾವಾಸ್ಯೆಗೆ ನಮ್ಮ ಹೊಲಕ್ಕೆ ಊಟಕ್ಕೂ ಬರಲಿಲ್ಲ. ನನಗೆ ಬುದ್ಧಿ ಬಂದಾಗಿನಿಂದ ಸಜ್ಜಿ ರೊಟ್ಟಿ ಅವರದು, ಭಜ್ಜಿ ನಮ್ಮದು. ಆ ವರ್ಷ ರೊಟ್ಟಿಯನ್ನೂ ಅವ್ವನೇ ಬಡಿದಳು.

ಕಂತು ವಸೂಲಿಗೆ ಬರುವ ಹುಡುಗನನ್ನು ಹೋದ ಬುಧವಾರ ಕೇಳಿದೆ. ಕಂತನ್ನು ತೊಗರಿ ರಾಶಿಗೆ ಸೇರಿಸಿ ಇಡೋಕೆ ಬರಲ್ವಾ ಅಂತ. ಅವನು ಅಫಜಲಪುರ ಕಡೆಯವನು, ಇಪ್ಪತ್ತೆರಡು ಇಪ್ಪತ್ಮೂರು ವಯಸ್ಸು. ಮೊಬೈಲ್ ತಿರುಗಿಸಿ ನನಗೆ ತೋರಿಸಿದ. "ನಮ್ಮಪ್ಪಂದೂ ತೊಗರಿನೇ ಅದ ಅಕ್ಕ. ಆದ್ರ ಇದ್ರಾಗ ಬುಧವಾರ ಅಂತ ಅದ, ನೋಡ್ರಿ."