ಮ್ಯಾಕ್‌ರಿಚಿ ಕಾಡಿನ ಏಣಿನ ಮೇಲೆ ದೊಡ್ಡಪ್ಪನೊಂದಿಗೆ

ಕೊಡಚಾದ್ರಿಯ 1,343 ಮೀಟರ್ ಎತ್ತರವನ್ನು ಹತ್ತಿಳಿದ ಮಲೆನಾಡಿನವರಿಗೆ ಸಿಂಗಪುರದಲ್ಲಿ ಗುಡ್ಡ ಹತ್ತುತ್ತೇವೆಂದರೆ ನಗು ಬರುವುದು ಸಹಜ. ಈ ದ್ವೀಪದ ಅತಿ ಎತ್ತರದ ಬುಕಿತ್ ತಿಮಾ ಗುಡ್ಡವೇ ಸುಮಾರು 164 ಮೀಟರ್. ಹಾಗಿದ್ದರೂ ಊರಿನಿಂದ ಯಾರೇ ಬಂದರೂ ನಾನು ಮೊದಲು ಕರೆದೊಯ್ಯುವುದು ಮ್ಯಾಕ್‌ರಿಚಿ ಜಲಾಶಯದ ಅಂಚಿನ ರಕ್ಷಿತಾರಣ್ಯಕ್ಕೆ. ಈ ಸಲ ಜೊತೆಗಿದ್ದವರು ಸಾಗರದ ಕಡೆ ಅಡಿಕೆ ತೋಟ ಮಾಡಿಕೊಂಡಿರುವ ನನ್ನ ದೊಡ್ಡಪ್ಪ.

ಮ್ಯಾಕ್‌ರಿಚಿ ಈ ದೇಶದ ಅತಿ ಹಳೆಯ ಜಲಾಶಯ. 1868ರಲ್ಲಿ ನಗರದ ಕುಡಿಯುವ ನೀರಿಗಾಗಿ ಕಟ್ಟಿದ್ದು. ದಾರಿ ಮೊದಲಿಗೆ ನೀರಿನ ಅಂಚಿನಲ್ಲೇ ಮರದ ಹಲಗೆಗಳ ಮೇಲೆ ಸಾಗುತ್ತದೆ. ಅಲ್ಲಿ ಹುಳಗಳನ್ನು ಹಿಡಿದು ಜೀರ್ಣಿಸಿಕೊಳ್ಳುವ ಹೂಜಿ ಗಿಡಗಳು ಕಾಣಸಿಗುತ್ತವೆ. ದೊಡ್ಡಪ್ಪ ಬಗ್ಗಿ ಒಂದು ಹೂಜಿಯೊಳಗೆ ಇಣುಕಿದರು: ತಳದಲ್ಲಿ ಒಂದಿಷ್ಟು ದ್ರವ, ಅದರಲ್ಲಿ ಕರಗುತ್ತಿದ್ದ ಎರಡು ಇರುವೆಗಳು. ಮುಂದೆ ಹಲಗೆ ಮುಗಿದು, ಬೇರುಗಳು ಹೆಣೆದುಕೊಂಡ ಕೆಂಪು ಮಣ್ಣಿನ ದಾರಿ ದಿಬ್ಬದ ಏಣನ್ನು ಏರುತ್ತದೆ.

ಇದನ್ನು ಆದಿಕಾಲದ ಕಾಡೆಂದು ತಿಳಿಯುವವರೇ ಹೆಚ್ಚು, ಆದರೆ ಇದರ ಬಹುಭಾಗ ಕಡಿದ ನೆಲದಲ್ಲಿ ಮರಳಿ ಬೆಳೆದದ್ದು. ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿನ ಗುಡ್ಡಗಳಲ್ಲಿ ಚೀನೀ ಕೃಷಿಕರು ಗ್ಯಾಂಬಿಯರ್ ಎಂಬ ಗಿಡವನ್ನೂ ಕಾಳುಮೆಣಸನ್ನೂ ಜೊತೆಯಾಗಿ ಬೆಳೆಯುತ್ತಿದ್ದರು. ಗ್ಯಾಂಬಿಯರ್ ಎಲೆಗಳನ್ನು ದೊಡ್ಡ ಕಡಾಯಿಗಳಲ್ಲಿ ಕುದಿಸಿ ತೆಗೆದ ಸಾರ ಚರ್ಮ ಹದಮಾಡುವುದಕ್ಕೂ ಎಲೆಯಡಿಕೆಗೂ ಬೇಕಾಗುತ್ತಿತ್ತು. ಕುದಿಸಿ ಉಳಿದ ಎಲೆ ಮೆಣಸಿನ ಬಳ್ಳಿಯ ಬುಡಕ್ಕೆ ಗೊಬ್ಬರವಾಗುತ್ತಿತ್ತು. ಒಲೆಗೆ ಸುತ್ತಲಿನ ಮರಗಳು ಹೋದವು, ಮಣ್ಣಿನ ಸತ್ವ ತೀರಿದ ಮೇಲೆ ಕೃಷಿಕರು ಮತ್ತೊಂದು ಕಾಡಿನ ಕಡೆಗೆ ಹೊರಟರು. ಅಡಿಕೆ ಬೇಯಿಸುವ ಹಂಡೆಯ ಕೆಳಗೆ ಎಷ್ಟು ಸೌದೆ ಉರಿಯುತ್ತದೆಂದು ಬಲ್ಲ ದೊಡ್ಡಪ್ಪನಿಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ. ಆಮೇಲೆ ಬಂದ ರಬ್ಬರಿನ ಮರಗಳು ಇಂದಿಗೂ ಅಲ್ಲಲ್ಲಿ ನಿಂತಿವೆ.

ದೊಡ್ಡಪ್ಪನನ್ನು ಕಾಡಿದ್ದು ದರಕು. ದಾರಿಯ ಎರಡೂ ಬದಿಗೆ ಮೊಣಕಾಲೆತ್ತರಕ್ಕೆ ಒಟ್ಟುಗೂಡಿದ್ದ ಒಣ ಎಲೆಗಳನ್ನು ನೋಡಿ, “ಇಷ್ಟೊಂದು ದರಕು ಸುಮ್ನೆ ಕೊಳೀತಾ ಬಿದ್ದಿದ್ಯಲ್ಲ ಮಾರಾಯ, ಯಾರೂ ಗುಡಿಸಿಕೊಂಡು ಹೋಗಲ್ವಾ?” ಎಂದು ಕೇಳಿದರು. ಇಲ್ಲಿ ಒಂದು ಚಿಗುರು ಕೀಳುವುದೂ ಅಪರಾಧವೆಂದು ಹೇಳಿದೆ. ತೋಟದ ಗೊಬ್ಬರಕ್ಕೆ ಸೊಪ್ಪು, ದರಕು ತರುವ ಸೊಪ್ಪಿನಬೆಟ್ಟವಿಲ್ಲದೆ ತೋಟವಿಲ್ಲವೆಂದು ನಂಬಿದವರಿಗೆ ಅದು ದುಂದಾಗಿ ಕಂಡಿತು. ಕಾಡಿನಿಂದ ಕುಡಿಯುವ ನೀರನ್ನಲ್ಲದೆ ಬೇರೇನನ್ನೂ ಪಡೆಯಬೇಕಿಲ್ಲದ ನಗರಕ್ಕೆ ಇಂಥ ಕಟ್ಟುನಿಟ್ಟು ಸುಲಭ. ಲಿಂಗನಮಕ್ಕಿಯ ಹಿನ್ನೀರಿಗೆ ಊರು ಬಿಟ್ಟುಕೊಟ್ಟು, ಉಳಿದ ಬೆಟ್ಟದ ಸೊಪ್ಪನ್ನೇ ನೆಚ್ಚಿರುವವರಿಗೆ ಇದೇ ನಿಯಮವನ್ನು ಬೋಧಿಸುವುದು ನ್ಯಾಯವಲ್ಲವೆಂಬುದು ನನ್ನ ಅಭಿಪ್ರಾಯ.

ಏಣಿನ ತುದಿಯಲ್ಲಿ 2004ರಲ್ಲಿ ತೆರೆದ 250 ಮೀಟರ್ ಉದ್ದದ ತೂಗುಸೇತುವೆಯಿದೆ. ಒಬ್ಬರ ಹಿಂದೊಬ್ಬರು ನಡೆಯುವಷ್ಟೇ ಅಗಲದ ಅದು ಎರಡು ದಿಬ್ಬಗಳನ್ನು ಜೋಡಿಸುತ್ತದೆ. ಅತಿ ಎತ್ತರದಲ್ಲಿ ಕಾಡಿನ ನೆಲ 25 ಮೀಟರ್ ಕೆಳಗಿರುತ್ತದೆ. ಎದುರಿಗೆ ಕಾಣುವ ದೈತ್ಯ ಮರಗಳಲ್ಲಿ ಕೆಲವು ನಮ್ಮ ಧೂಪದ ಮರದ ಕುಟುಂಬಕ್ಕೇ ಸೇರಿದವು. ಬಾಲದ ತುದಿಯಲ್ಲಿ ಎರಡು ಬಿಲ್ಲೆಗಳನ್ನು ತೂಗಿಸಿಕೊಂಡ ಭೀಮರಾಜ ಹಕ್ಕಿಯಂತೂ ಶರಾವತಿ ಕಣಿವೆಯಲ್ಲಿರುವ ಜಾತಿಯೇ. ಅದನ್ನು ಮೊದಲು ಗುರುತಿಸಿದವರು ದೊಡ್ಡಪ್ಪ.

ಬರುವವರು ತಿಳಿದಿರಬೇಕಾದದ್ದು ಇಷ್ಟು. ಸೇತುವೆ ಸೋಮವಾರ ಮುಚ್ಚಿರುತ್ತದೆ, ಅದರ ಮೇಲೆ ಒಂದೇ ದಿಕ್ಕಿನಲ್ಲಿ ನಡೆಯಬೇಕು. ಇಡೀ ಸುತ್ತು ಹತ್ತು ಕಿಲೋಮೀಟರಿಗೂ ಹೆಚ್ಚಾಗುವುದರಿಂದ ನೀರು ಧಾರಾಳವಾಗಿರಲಿ. ತಿಂಡಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಿಡಿದು ನಡೆಯಬೇಡಿ. ಉದ್ದಬಾಲದ ಮಂಗಗಳು ಚೀಲದ ಸದ್ದನ್ನೇ ಕಾಯುತ್ತಿರುತ್ತವೆ, ಅವುಗಳಿಗೆ ಒಂದು ಕಾಳು ಹಾಕಿದರೂ ದಂಡ ಬೀಳುತ್ತದೆ. ದೊಡ್ಡಪ್ಪನ ಕೋಡುಬಳೆ ಪೊಟ್ಟಣ ವಾಹನ ನಿಲುಗಡೆಗೆ ಮರಳುವವರೆಗೂ ನನ್ನ ಬೆನ್ನುಚೀಲದ ತಳದಲ್ಲೇ ಇತ್ತು.