ಯಂತ್ರ ಹಾಕಿದ ಪ್ರಸ್ತಾರವನ್ನು ಮಕ್ಕಳೇ ತಿದ್ದಲಿ

ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಮಾಡುವವಳು ನಾನು. ಎಐ (ಕೃತಕ ಬುದ್ಧಿಮತ್ತೆ) ಬಗ್ಗೆ ತರಬೇತಿಗಳಲ್ಲಿ ಕೇಳಿಬರುವ ಮಾತೆಲ್ಲ ಗಣಿತ, ವಿಜ್ಞಾನ, ಇಂಗ್ಲಿಷ್ ಸುತ್ತಲೇ ಇರುತ್ತದೆ. ಕನ್ನಡ ಪೀರಿಯಡ್‌ನಲ್ಲಿ ಅದು ಹೇಗೆ ನಡೆದುಕೊಳ್ಳುತ್ತದೆ ಅನ್ನುವುದನ್ನು ಕನ್ನಡ ಮೇಷ್ಟ್ರುಗಳೇ ನೋಡಿ ಬರೆದಿಡಬೇಕು.

ಚಾಟ್‌ಜಿಪಿಟಿ ಬಂದದ್ದು 2022ರ ನವೆಂಬರ್ ಕೊನೆಗೆ. ಈಗ ಅಪ್ಪನ ಫೋನಿನ ವಾಟ್ಸಾಪ್ ಒಳಗೇ ಮೆಟಾ ಎಐ ಇದೆ. ಮಕ್ಕಳು ಅದನ್ನು ಕೇಳಿಯೇ ಹೋಂವರ್ಕ್ ಬರೆದು ತರುತ್ತಾರೆ. ಹಾಗಾಗಿ ಬೇಕೋ ಬೇಡವೋ ಎಂದು ಚರ್ಚಿಸುತ್ತ ಕೂರುವ ಕಾಲ ಮುಗಿದಿದೆ. ನಾನು ಕಂಡುಕೊಂಡದ್ದು ಇಷ್ಟು: ಯಂತ್ರ ಕೊಟ್ಟ ಉತ್ತರ ಸರಿಯೋ ತಪ್ಪೋ ಎಂದು ಮಗು ತಾನೇ ನೋಡಿ ಹೇಳಬಲ್ಲ ಕಡೆ ಮಾತ್ರ ಅದನ್ನು ತರಗತಿಯೊಳಗೆ ಬಿಟ್ಟುಕೊಳ್ಳಬೇಕು.

ಛಂದಸ್ಸನ್ನೇ ತೆಗೆದುಕೊಳ್ಳಿ. ಪ್ರಸ್ತಾರ ಹಾಕುವುದು, ಅಂದರೆ ಪದ್ಯದ ಅಕ್ಷರಗಳಿಗೆ ಗುರು (ಎರಡು ಮಾತ್ರೆ), ಲಘು (ಒಂದು ಮಾತ್ರೆ) ಗುರುತು ಹಾಕುವುದೆಂದರೆ ನಮ್ಮ ಮಕ್ಕಳಿಗೆ ಜ್ವರ ಬಂದಂತೆ. ಷಟ್ಪದಿಯೊಂದರ ಸಾಲುಗಳನ್ನು ಯಂತ್ರಕ್ಕೆ ಕೊಟ್ಟು, ಬಂದ ಉತ್ತರವನ್ನು ಹಾಗೇ ಬೋರ್ಡಿನ ಮೇಲೆ ಬರೆದೆ. ಕೊನೆಯಲ್ಲಿ ‘ಇದು ಭಾಮಿನಿ ಷಟ್ಪದಿ’ ಎಂದಿತ್ತು. ಅದು ಸರಿ. ಆದರೆ ಮೇಲೆ ಹಾಕಿದ ಗುರು, ಲಘು ಕೂಡಿಸಿದರೆ ಮೊದಲ ಸಾಲಿಗೆ 14 ಮಾತ್ರೆ ಬರಲೇ ಇಲ್ಲ. ಮೂರನೆಯ ಸಾಲಿಗೆ 23 ಬರಬೇಕು, ಅದೂ ಇಲ್ಲ. ಎಲ್ಲಿ ತಪ್ಪಿದೆ ನೋಡಿ ಅಂದೆ. ಒತ್ತಕ್ಷರದಲ್ಲಿ ಹಿಡಿದರು. ‘ಕನ್ನಡ’ ಎಂಬ ಪದದಲ್ಲಿ ‘ನ್ನ’ದ ಹಿಂದಿರುವ ‘ಕ’ ಗುರುವಾಗಬೇಕು, ‘ನ್ನ’ ಲಘುವಾಗಿಯೇ ಉಳಿಯಬೇಕು. ಯಂತ್ರ ಇಂಥ ಕಡೆಯೆಲ್ಲ ಒತ್ತಕ್ಷರಕ್ಕೇ ಗುರು ಹಾಕಿತ್ತು. “ಮಿಸ್, ಇದು ನಾವು ಮಾಡೋ ತಪ್ಪೇ ಮಾಡಿದೆ” ಅಂದಳು ಹಿಂದಿನ ಬೆಂಚಿನ ಒಬ್ಬಳು. ಪ್ರಸ್ತಾರ ಅಂದರೆ ನೋಟ್‌ಬುಕ್ ಮುಚ್ಚುತ್ತಿದ್ದವಳು ಅವಳು. ಅವತ್ತು ಎದ್ದು ಬಂದು ಇಡೀ ಸಾಲನ್ನು ತಿದ್ದಿದಳು, 3-4-3-4 ಗಣ ವಿಭಾಗ ಮಾಡಿ ತೋರಿಸಿದಳು.

ಹೆಸರು ಸರಿಯಾಗಿ ಹೇಳಿ ಲೆಕ್ಕ ತಪ್ಪಿದ್ದೇಕೆ? ಇದನ್ನು ಮಕ್ಕಳಿಗೆ ವಿವರಿಸಿ ಹೇಳಿದೆ. ಇಂಥ ಯಂತ್ರ ನಮ್ಮ ಹಾಗೆ ಅಕ್ಷರ ಅಕ್ಷರ ಎಣಿಸುವುದಿಲ್ಲ. ಬರಹವನ್ನು ತನ್ನದೇ ರೀತಿಯ ಚೂರುಗಳಾಗಿ ಒಡೆದುಕೊಂಡು, ಮುಂದೆ ಯಾವ ಚೂರು ಬರಬಹುದು ಎಂದು ಅಂದಾಜು ಮಾಡುತ್ತ ಹೋಗುತ್ತದೆ. ಆ ಚೂರುಗಳು ಕನ್ನಡದ ಅಕ್ಷರಗಳಿಗೆ ಸರಿಹೊಂದಬೇಕೆಂದೇನೂ ಇಲ್ಲ. ‘ಭಾಮಿನಿ ಷಟ್ಪದಿ’ ಎಂಬ ಹೆಸರು ಅದಕ್ಕೆ ಓದಿನಿಂದ ಗೊತ್ತು, ಮಾತ್ರೆ ಎಣಿಸಿ ಗೊತ್ತಾದದ್ದಲ್ಲ. ಹೊಸ ಆವೃತ್ತಿಗಳು ಸುಧಾರಿಸುತ್ತಿವೆ, ನಾಳೆ ಪ್ರಸ್ತಾರವನ್ನೂ ಸರಿಯಾಗಿ ಹಾಕಬಹುದು. ಆಗಲೂ ಕೂಡಿಸಿ ನೋಡುವ ಅಭ್ಯಾಸ ಮಕ್ಕಳಲ್ಲಿ ಇರಲೇಬೇಕು.

ವಚನಗಳ ವಿಷಯ ಇದಕ್ಕಿಂತ ಗಂಭೀರ. ಕಾಯಕದ ಬಗ್ಗೆ ಬಸವಣ್ಣನವರ ವಚನ ಕೊಡು ಎಂದು ಕೇಳಿದರೆ, ಕೊನೆಗೆ ‘ಕೂಡಲಸಂಗಮದೇವ’ ಎಂದು ಅಂಕಿತ ಹಾಕಿ ತಾನೇ ಹೊಸೆದ ಸಾಲುಗಳನ್ನು ಯಂತ್ರ ಕೊಟ್ಟುಬಿಡಬಹುದು. ಅಂಥದ್ದೊಂದನ್ನು ಹುಡುಗನೊಬ್ಬ ಬಣ್ಣದ ಪೆನ್ನಿನಲ್ಲಿ ಚಾರ್ಟ್ ಮೇಲೆ ಅಂದವಾಗಿ ಬರೆದು ತಂದಿದ್ದ. ಭಾಷೆ ನುಣುಪಾಗಿದೆ, ಭಾವವೂ ಒಪ್ಪುವಂತಿದೆ, ಆದರೆ ಅಂಥ ವಚನವೇ ಇಲ್ಲ. ಪ್ರಸ್ತಾರದ ತಪ್ಪು ಕೂಡಿಸಿದರೆ ಸಿಗುತ್ತದೆ, ಇದು ಹಾಗೆ ಸಿಗುವುದಿಲ್ಲ. ಹತ್ತನೇ ತರಗತಿಯ ಮಗುವಿಗೆ ಇದನ್ನು ಬರೀ ಓದಿ ಪತ್ತೆ ಹಚ್ಚಲು ಆಗದು, ಎಷ್ಟೋ ಸಲ ನಮಗೂ ಆಗದು. ಅದಕ್ಕೇ ಕವಿ, ಕಾಲ, ಕೃತಿ, ವಚನ, ಗಾದೆ ಇವನ್ನು ಯಂತ್ರದಿಂದ ತರುವಂತಿಲ್ಲ ಎಂದು ನಮ್ಮ ಶಾಲೆಯಲ್ಲಿ ಖಡಾಖಂಡಿತವಾಗಿ ಹೇಳಿದ್ದೇವೆ. ಸರ್ಕಾರವೇ ಹೊರತಂದ 15 ಸಂಪುಟಗಳ ಸಮಗ್ರ ವಚನ ಸಂಪುಟ ಇದೆ. ಪದ ಕೊಟ್ಟು ವಚನ ಹುಡುಕಬಹುದಾದ ‘ವಚನ ಸಂಚಯ’ ಜಾಲತಾಣ ಇದೆ. ಆ ಹುಡುಗನನ್ನೇ ಕೂರಿಸಿಕೊಂಡು ಅಲ್ಲಿ ಹುಡುಕಿಸಿದೆ. ಬೇರೆ ವಚನ ಅವನೇ ಆರಿಸಿದ, ಚಾರ್ಟ್ ಹೊಸದಾಗಿ ಬರೆದ.

ಪ್ರಬಂಧಕ್ಕೆ ಇನ್ನೊಂದು ದಾರಿ ಹಿಡಿದಿದ್ದೇನೆ. ‘ಸಂತೆಯ ಮಹತ್ವ’ ಎಂದು ಕೊಟ್ಟರೆ ಎಲ್ಲರದ್ದೂ ‘ಒಟ್ಟಾರೆಯಾಗಿ ಹೇಳುವುದಾದರೆ’ ಎಂದೇ ಮುಗಿಯುತ್ತದೆ. ನಮ್ಮೂರ ಸಂತೆಯಲ್ಲಿ ಈ ವಾರ ಟೊಮ್ಯಾಟೊ ಎಷ್ಟಕ್ಕೆ ಕೂಗುತ್ತಿದ್ದರು, ನಿಮ್ಮ ಅವ್ವ ಯಾವ ಅಂಗಡಿಯವರ ಹತ್ತಿರ ಚೌಕಾಸಿ ಮಾಡಿದರು ಎಂದು ಕೇಳಿದರೆ, ಬರಹ ಮಗುವಿನದ್ದೇ ಆಗುತ್ತದೆ.

ಯಂತ್ರ ಬರೆದದ್ದನ್ನು ಹಿಡಿಯುವ ಸಾಫ್ಟ್‌ವೇರ್ ಹಾಕೋಣ ಎಂದು ಸ್ಟಾಫ್ ರೂಮಿನಲ್ಲಿ ಮಾತು ಬಂತು. ನಾನು ಬೇಡವೇ ಬೇಡ ಅಂದೆ. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿಯೇ ತನ್ನ ಪತ್ತೆ ಸಾಧನವನ್ನು ನಿಖರತೆ ಸಾಲದೆಂದು 2023ರ ಜುಲೈನಲ್ಲಿ ಹಿಂದಕ್ಕೆ ಪಡೆಯಿತು. ಅದೇ ವರ್ಷ ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ಇಂಥ ಸಾಧನಗಳನ್ನು ಪರೀಕ್ಷಿಸಿದಾಗ, ಇಂಗ್ಲಿಷ್ ಮಾತೃಭಾಷೆಯಲ್ಲದವರು ಸ್ವಂತ ಕೈಯಿಂದ ಬರೆದ ಪ್ರಬಂಧಗಳಲ್ಲಿ ಸರಾಸರಿ ಅರ್ಧಕ್ಕಿಂತ ಹೆಚ್ಚಿನವಕ್ಕೆ ಯಂತ್ರದ್ದೆಂಬ ಹಣೆಪಟ್ಟಿ ಬಿದ್ದಿತ್ತು. ಕಷ್ಟಪಟ್ಟು ಬರೆದ ಮಗುವಿಗೆ ಕಳ್ಳತನದ ಆರೋಪ ಹೊರಿಸಿದರೆ ಆ ಮಗು ಮತ್ತೆ ನಮ್ಮ ಮುಖ ನೋಡಿ ಮಾತಾಡುತ್ತದೆಯೇ? ಸಂಶಯ ಬಂದರೆ ಪಕ್ಕದಲ್ಲಿ ಕೂರಿಸಿಕೊಂಡು, “ಈ ಸಾಲು ಏನು ಹೇಳ್ತಿದೆಯಪ್ಪಾ?” ಎಂದು ಕೇಳಿದರೆ ಸಾಕು, ಎಲ್ಲವೂ ತಿಳಿಯುತ್ತದೆ.

ಶಿಕ್ಷಕರು ತಮ್ಮ ಕೆಲಸಕ್ಕೆ ಬಳಸುವಾಗಲೂ ಕಟ್ಟುಪಾಡು ಬೇಕು. ಪಾಠಯೋಜನೆಯ ಕರಡು, ಬಹು ಆಯ್ಕೆ ಪ್ರಶ್ನೆಗಳು, ಕಠಿಣ ಗದ್ಯಭಾಗದ ಸರಳ ರೂಪ, ಇದಕ್ಕೆಲ್ಲ ಯಂತ್ರ ಒಳ್ಳೆಯ ನೆರವು. ತಿದ್ದುವ ಹೊಣೆ ನಮ್ಮದು. ಆದರೆ ಪ್ರಗತಿ ಪತ್ರದ ಷರಾ ಬರೆಸಲೆಂದು ಮಕ್ಕಳ ಹೆಸರು, ಎಸ್‌ಎಟಿಎಸ್ ಸಂಖ್ಯೆ (ಸರ್ಕಾರಿ ದಾಖಲೆಯಲ್ಲಿ ವಿದ್ಯಾರ್ಥಿಯ ಗುರುತು ಸಂಖ್ಯೆ), ಅಂಕ, ಫೋಟೊ ಎಲ್ಲವನ್ನೂ ಅದಕ್ಕೆ ತುಂಬುವುದನ್ನು ನಾನು ಒಪ್ಪುವುದಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳು, ಅವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು. ಮನೆಯ ಕಷ್ಟ, ಕಾಯಿಲೆ, ಜಾತಿ, ಮಗು ನಮ್ಮನ್ನು ನಂಬಿ ಹೇಳಿದ ಮಾತು, ಇವು ಯಾವ ಕಂಪನಿಯ ಸರ್ವರ್‌ಗೂ ಹೋಗಕೂಡದು.

ತರಗತಿಯಲ್ಲಿ ಬಳಸುವುದು ಒಂದೇ ಲ್ಯಾಪ್‌ಟಾಪ್, ನನ್ನ ಲಾಗಿನ್, ಎಲ್ಲರಿಗೂ ಕಾಣುವ ಪ್ರೊಜೆಕ್ಟರ್. ತರಗತಿಯಲ್ಲಿ ಇಂಥ ಸಾಧನ ಬಳಸಲು ಕನಿಷ್ಠ 13 ವರ್ಷ ಇರಲಿ ಎಂದು ಯುನೆಸ್ಕೊ 2023ರ ತನ್ನ ಮಾರ್ಗಸೂಚಿಯಲ್ಲಿ ಹೇಳಿದೆ. ಎಂಟನೇ ತರಗತಿಯ ಮಕ್ಕಳು ಆ ವಯಸ್ಸಿನ ಆಸುಪಾಸಿನವರಾದ್ದರಿಂದ ಅವರ ಕೈಗೆ ಕೊಡುವುದಿಲ್ಲ. ಎಐ ಬಳಸಿ ಬರೆದು ತನ್ನಿ ಎಂದು ಮನೆಗೆಲಸ ಕೊಡುವುದೂ ಇಲ್ಲ. ಕೂಲಿಗೆ ಹೋದ ಅಪ್ಪ ಫೋನ್ ತೆಗೆದುಕೊಂಡು ರಾತ್ರಿ ಬರುವ ಮನೆಗಳೇ ನಮ್ಮಲ್ಲಿ ಜಾಸ್ತಿ, ಫೋನಿಲ್ಲದ ಮಗು ಹಿಂದೆ ಬೀಳಬಾರದು. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಇದನ್ನೆಲ್ಲ ಪೋಷಕರ ಮುಂದಿಟ್ಟಾಗ ಅವರು ಒಪ್ಪಿದರು.

ಕನ್ನಡ ಪಾಠ ಮಾಡುವ ಗೆಳೆಯರಲ್ಲಿ ಒಂದು ವಿನಂತಿ. ಸಮಾಸ ವಿಗ್ರಹ, ಅಲಂಕಾರದ ಸಮನ್ವಯ, ಹಳಗನ್ನಡ ಪದ್ಯದ ಭಾವಾರ್ಥ, ಇವುಗಳಲ್ಲಿ ಯಂತ್ರ ಎಲ್ಲಿ ಎಡವಿದ್ದನ್ನು ನೀವು ಕಂಡಿದ್ದೀರೋ ಅದನ್ನೆಲ್ಲ ಬರೆದಿಟ್ಟುಕೊಳ್ಳಿ. ಮುಂದಿನ ಸಮಾಲೋಚನಾ ಸಭೆಗೆ ತನ್ನಿ. ಎಲ್ಲರದ್ದನ್ನೂ ಸೇರಿಸಿ ಮಕ್ಕಳೇ ತಿದ್ದುವಂಥ ಅಭ್ಯಾಸ ಹಾಳೆಗಳನ್ನು ಮಾಡೋಣ.