ಕುದುರೆ ಲದ್ದಿ ಗೊಬ್ಬರ: ಲದ್ದಿಗಿಂತ ಮೊದಲು ಹಾಸು ನೋಡಿ

ಲಾಯದಿಂದ ಬರುವ ಲೋಡಿನಲ್ಲಿ ಎಷ್ಟೋ ಸಲ ಲದ್ದಿಗಿಂತ ಹಾಸೇ (ಕುದುರೆಯ ಕಾಲಡಿಗೆ ಹರಡುವ ಹುಲ್ಲು ಅಥವಾ ಹೊಟ್ಟು) ಜಾಸ್ತಿ. ಟ್ರ್ಯಾಕ್ಟರ್ ಸುರಿಯುವ ಮುಂಚೆ ಒಂದು ಹಿಡಿ ತೆಗೆದು ನೋಡಿ: ಭತ್ತದ ಹುಲ್ಲೋ, ಮರದ ಹೊಟ್ಟೋ?

ಬರೀ ಲದ್ದಿಯಲ್ಲಿ ಇಂಗಾಲಕ್ಕೂ ಸಾರಜನಕಕ್ಕೂ ಇರುವ ಅನುಪಾತ ಹೆಚ್ಚುಕಡಿಮೆ 30:1. ಕೊಳೆಯಲು ಹೇಳಿ ಮಾಡಿಸಿದಂತಿದೆ. ಮರದ ಹೊಟ್ಟಿನಲ್ಲಿ ಅದು 400:1 ದಾಟಬಹುದು. ಅದನ್ನು ಅರೆಬರೆ ಕೊಳೆಸಿ ಹೊಲಕ್ಕೆ ಹಾಕಿದರೆ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನೇ ಎಳೆದುಕೊಳ್ಳುತ್ತವೆ, ಪೈರು ಹಳದಿ ತಿರುಗುತ್ತದೆ. ‘ಲದ್ದಿ ಬೆಳೆ ಸುಡುತ್ತದೆ’ ಎಂಬ ದೂರಿನ ಹಿಂದೆ ಬಹಳ ಸಲ ಇರುವುದು ಈ ಮರದ ಹೊಟ್ಟು. ಹೊಟ್ಟಿನ ಲೋಡಾದರೆ ಮೂರು ಮಂಕರಿಗೆ ಒಂದು ಮಂಕರಿ ಹಸಿ ಸಗಣಿ, ಒಂದು ಮಂಕರಿ ಹೊಂಗೆ ಅಥವಾ ಗ್ಲಿರಿಸಿಡಿಯಾ ಸೊಪ್ಪು ಸೇರಿಸಿ.

ರಾಶಿ 4 ಅಡಿ ಅಗಲ, 4 ಅಡಿ ಎತ್ತರಕ್ಕಿಂತ ಚಿಕ್ಕದಾದರೆ ಕಾವು ನಿಲ್ಲುವುದಿಲ್ಲ. ಲದ್ದಿ ಉಂಡೆ ಮೇಲೆ ಒದ್ದೆ ಕಂಡರೂ ಒಳಗೆ ಒಣಗಿರುತ್ತದೆ. ಒಡೆದು ನೀರು ಹಾಕಿ. ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ಬರಬೇಕು, ಧಾರೆ ಹರಿಯಬಾರದು. ಲದ್ದಿಯಲ್ಲಿ ಧನುರ್ವಾಯುವಿನ ರೋಗಾಣು ಇರುವುದುಂಟು, ಕೈಗವಸು ಬೇಕೇ ಬೇಕು.

ಕುದುರೆ ಮೆಲುಕು ಹಾಕುವ ಪ್ರಾಣಿಯಲ್ಲ, ಹಾಗಾಗಿ ಕಳೆಬೀಜ ಮೊಳೆಯುವ ಸ್ಥಿತಿಯಲ್ಲೇ ಲದ್ದಿಗೆ ಬರುತ್ತದೆ. ಅದನ್ನೂ ಜಂತುಹುಳುವಿನ ಮೊಟ್ಟೆಯನ್ನೂ ಕೊಲ್ಲುವುದು 55–65 ಡಿಗ್ರಿ ಸೆಲ್ಸಿಯಸ್ ಕಾವು. ಕಬ್ಬಿಣದ ಸಲಾಕೆಯನ್ನು ರಾಶಿಯ ನಡುವಿಗೆ ಚುಚ್ಚಿ ಹತ್ತು ನಿಮಿಷ ಬಿಟ್ಟು ತೆಗೆಯಿರಿ, ಹಿಡಿದುಕೊಳ್ಳಲಾಗದಷ್ಟು ಸುಡಬೇಕು. ಅಂಚಿಗೆ ಈ ಕಾವು ತಲುಪುವುದಿಲ್ಲ. ಅದಕ್ಕೇ ಮೊದಲ 15 ದಿನಗಳಲ್ಲಿ ಐದು ಸಲ, ಹೊರಗಿನದು ಒಳಗೆ ಬರುವಂತೆ ಮಗುಚಬೇಕು.

ಒಳಗೆ ಬೂದಿಯಂತೆ ಬೆಳ್ಳಗಾಗಿದ್ದರೆ ಮಾಗಿದೆ ಎಂದುಕೊಳ್ಳಬೇಡಿ. ಅದು ಕಾವಿಗೆ ನೀರು ಆರಿಹೋದ ಗುರುತು. ನೀರು ಹಾಕಿ ಮಗುಚಿ. ಕಣ್ಣು ಉರಿಸುವ ಅಮೋನಿಯಾ ವಾಸನೆ ಬಂದರೆ ಗಂಜಲ ಹೆಚ್ಚಾಗಿದೆ, ಒಣಹುಲ್ಲು ಬೆರೆಸಿ. ಕೊಳೆತ ಮೊಟ್ಟೆಯ ನಾತ ಬಂದರೆ ಗಾಳಿ ಸಾಲದು. ಮಳೆಗಾಲದಲ್ಲಿ ರಾಶಿ ಎತ್ತರದ ಜಾಗದಲ್ಲಿರಲಿ, ಮೇಲೆ ಟಾರ್ಪಾಲು ಹೊದಿಸಿ.

ಹುಲ್ಲಿನ ಹಾಸು ಮೂರು ನಾಲ್ಕು ತಿಂಗಳಲ್ಲಿ ಮಾಗುತ್ತದೆ, ಹೊಟ್ಟಿಗೆ ಆರು ತಿಂಗಳಿಂದ ವರ್ಷ ಬೇಕು. ಅಗಲ ಎಲೆಯ ಕಳೆಗೆ ಹೊಡೆಯುವ ಕೆಲವು ಕಳೆನಾಶಕಗಳು ಮೇವಿನ ಮೂಲಕ ಕುದುರೆಯ ಹೊಟ್ಟೆಯನ್ನೂ ದಾಟಿ ಗೊಬ್ಬರದಲ್ಲಿ ಉಳಿಯುತ್ತವೆ. ಅದನ್ನು ಪತ್ತೆ ಹಚ್ಚಲು ಅರ್ಧ ಗೊಬ್ಬರ, ಅರ್ಧ ಮಣ್ಣು ಬೆರೆಸಿದ ಕುಂಡದಲ್ಲಿ ನಾಲ್ಕು ಹುರುಳಿಕಾಯಿ ಬೀಜ ಹಾಕಿ, ಮೂರು ವಾರ ಕಾಯಿರಿ. ಎಲೆ ಮುದುಡಿ ಸುರುಳಿಯಾದರೆ ಆ ಗೊಬ್ಬರ ಟೊಮೆಟೊ, ಅವರೆ, ತೊಗರಿಗೆ ಬೇಡ. ರಾಗಿ, ಜೋಳಕ್ಕೆ ಹಾಕಬಹುದು.